ಟಿಜೆ ಅಡ್ಮಿಷನ್ ಬದಲಾಯಿಸಿದ್ದು ಅನ್ಯಾಯ ಅಂತೀರಲ್ಲ, ನಂಗೆ ಹಾಗನ್ಸಲ್ಲ

ಹೆರ್ನ್‌ಡನ್ ಅಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಕನ್ನಡದವರು ನಾಲ್ಕು ಜನ ಸೇರಿದ ಕಡೆ ಥಾಮಸ್ ಜೆಫರ್ಸನ್ ಹೈಸ್ಕೂಲ್ (ಟಿಜೆ) ಮಾತು ಬಂದ್ರೆ ಸಾಕು, "ನಮ್ಮ ಮಕ್ಕಳ ಸೀಟು ಕಿತ್ಕೊಂಡ್ರು" ಅನ್ನೋದೇ ಕೇಳಿಸತ್ತೆ. ನನ್ನ ಮಗಳು ಈಗ ಏಳನೇ ಕ್ಲಾಸು, ಬರೋ ವರ್ಷ ಅವಳೂ ಅಪ್ಲೈ ಮಾಡ್ತಾಳೆ, ಹಾಗಾಗಿ ನಂಗೂ ಇದರಲ್ಲಿ ಲಾಭ ನಷ್ಟ ಇದ್ದೇ ಇದೆ. ಆದ್ರೂ 2020ರಲ್ಲಿ ಫೇರ್‌ಫ್ಯಾಕ್ಸ್ ಸ್ಕೂಲ್ ಬೋರ್ಡ್ ಟೆಸ್ಟ್ ತೆಗೆದು ಅಡ್ಮಿಷನ್ ಪದ್ಧತಿ ಬದಲಾಯಿಸಿದ್ದು ಸರಿ ಅಂತ್ಲೇ ನನ್ನ ಅಭಿಪ್ರಾಯ. ಯಾಕೆ ಅಂತ ಉದ್ದಕ್ಕೇ ಬರೀತೀನಿ, ಪೂರ್ತಿ ಓದಿ ಆಮೇಲೆ ಉತ್ತರ ಕೊಡಿ.

ವರ್ಜೀನಿಯಾದ ಹೊರಗಿರೋರಿಗೆ ಸ್ವಲ್ಪ ಹಿನ್ನೆಲೆ. ಟಿಜೆ ಅಂದ್ರೆ 1985ರಲ್ಲಿ ಶುರುವಾದ ಸರ್ಕಾರಿ ಹೈಸ್ಕೂಲು, ಸೈನ್ಸ್ ಮತ್ತು ಟೆಕ್ನಾಲಜಿಗೇ ಅಂತ ಇರೋದು, ಫೀಸಿಲ್ಲ, ದೇಶದಲ್ಲೇ ಮೊದಲ ಸಾಲಿನ ರ‍್ಯಾಂಕಿಂಗ್ ಇರೋದು. ಫೇರ್‌ಫ್ಯಾಕ್ಸ್ ಕೌಂಟಿ (ನಮ್ಮ ಜಿಲ್ಲೆ ಥರ) ಜೊತೆಗೆ ಅಕ್ಕಪಕ್ಕದ ಲೌಡನ್, ಪ್ರಿನ್ಸ್ ವಿಲಿಯಂ, ಆರ್ಲಿಂಗ್ಟನ್, ಫಾಲ್ಸ್ ಚರ್ಚ್ ಮಕ್ಕಳೂ ಅಪ್ಲೈ ಮಾಡಬಹುದು. ಮೊದಲು ಹೇಗಿತ್ತು ಅಂದ್ರೆ, ಅರ್ಜಿ ಹಾಕಕ್ಕೇ 100 ಡಾಲರ್, ಆಮೇಲೆ ಟೆಸ್ಟು, ಅದರಲ್ಲಿ ಪಾಸಾದೋರಿಗೆ ಪ್ರಬಂಧ ಮತ್ತು ಟೀಚರ್ ಶಿಫಾರಸು. ಕೊನೆಗೆ ಸೀಟು ಸಿಗ್ತಿದ್ದದ್ದು ಬಹುಪಾಲು ಕೆಲವೇ ಮಿಡ್ಲ್ ಸ್ಕೂಲಿನ (ಹೈಸ್ಕೂಲಿಗೆ ಮುಂಚಿನ ಶಾಲೆ) ಮಕ್ಕಳಿಗೆ. ಹಳೇ ಪದ್ಧತಿಯ ಕೊನೇ ಬ್ಯಾಚಲ್ಲಿ ನೂರಕ್ಕೆ 73 ಏಷ್ಯನ್ ಮಕ್ಕಳು, ಕಪ್ಪು ಮಕ್ಕಳ ಸಂಖ್ಯೆ ಎಷ್ಟು ಕಮ್ಮಿ ಅಂದ್ರೆ ಗುರುತು ಸಿಕ್ಕಿಬಿಡತ್ತೆ ಅಂತ ಅಂಕಿಅಂಶದ ಪಟ್ಟಿಯಲ್ಲಿ ಹಾಕ್ಲೇ ಇಲ್ಲ. ಬಡ ಮನೆಯ ಮಕ್ಕಳು ನೂರಕ್ಕೆ ಒಬ್ಬರೂ ಇರ್ಲಿಲ್ಲ. ಇದೇ ಕೌಂಟಿಯಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಮಕ್ಕಳು ಊಟಕ್ಕೆ ರಿಯಾಯಿತಿ ತಗೊಳ್ಳೋ ಮನೆಯವರು, ಗಮನಿಸಿ.

ಈಗ ಫೀಸೂ ಇಲ್ಲ ಟೆಸ್ಟೂ ಇಲ್ಲ. ಜಿಪಿಎ (ಗ್ರೇಡ್‌ಗಳ ಸರಾಸರಿ) 3.5 ಇರಬೇಕು, ಎಂಟನೇ ಕ್ಲಾಸಲ್ಲಿ ಕನಿಷ್ಠ ಆಲ್ಜೀಬ್ರಾ 1 ಮಾಡ್ತಿರಬೇಕು, ತನ್ನ ಬಗ್ಗೆ ಒಂದಿಷ್ಟು ಬರೀಬೇಕು, ಒಂದು ಲೆಕ್ಕ ಅಥವಾ ವಿಜ್ಞಾನದ ಸಮಸ್ಯೆ ಬಿಡಿಸಿ ವಿವರಿಸಬೇಕು. ಪ್ರತಿ ಸರ್ಕಾರಿ ಮಿಡ್ಲ್ ಸ್ಕೂಲಿಗೂ ಅದರ ಎಂಟನೇ ಕ್ಲಾಸಿನ ಸಂಖ್ಯೆಯ 1.5 ಪರ್ಸೆಂಟ್ ಸೀಟು ಮೀಸಲು, ಉಳಿದ ಸುಮಾರು ನೂರು ಸೀಟು ಎಲ್ಲರಿಗೂ ಓಪನ್. ಅರ್ಜಿ ನೋಡೋರಿಗೆ ಮಗುವಿನ ಹೆಸರು, ಜನಾಂಗ, ಗಂಡೋ ಹೆಣ್ಣೋ ಏನೂ ಗೊತ್ತಾಗಲ್ಲ. ಹೊಸ ಪದ್ಧತಿಯ ಮೊದಲ ಬ್ಯಾಚಲ್ಲಿ 550 ಸೀಟು, ಬಡ ಮನೆ ಮಕ್ಕಳು ನೂರಕ್ಕೆ 25.

ನನ್ನ ಮಾತು ಇಷ್ಟೇ. ಹದಿಮೂರು ವರ್ಷದ ಮಗುವನ್ನ ಅಳೀಬೇಕಾದ್ರೆ ಅದಕ್ಕೆ ಏನು ಸಿಕ್ಕಿತ್ತು, ಸಿಕ್ಕಿದ್ದರಲ್ಲಿ ಅದು ಏನು ಮಾಡ್ತು ಅಂತ ನೋಡಬೇಕು. ಮೂರನೇ ಕ್ಲಾಸಿಂದ ಚುರುಕು ಮಕ್ಕಳಿಗೇ ಅಂತ ಇರೋ ಅಡ್ವಾನ್ಸ್ಡ್ ಸೆಂಟರಲ್ಲಿ ಓದಿ, ಶನಿವಾರ ಭಾನುವಾರ ಕೋಚಿಂಗ್ ಹೋದ ನನ್ನ ಮಗಳನ್ನೂ, ಟಿಜೆ ಅನ್ನೋ ಹೆಸರೇ ಮನೇಲಿ ಯಾರೂ ಕೇಳಿರದ ಮಗುವನ್ನೂ ಒಂದೇ ಟೆಸ್ಟಲ್ಲಿ ಕೂರಿಸಿ "ಸಮಾನ ಸ್ಪರ್ಧೆ" ಅಂದ್ರೆ ನಂಗೆ ಒಪ್ಪಕ್ಕಾಗಲ್ಲ.

ಲೌಡನ್ ಕನ್ನಡಿಗ:
ಅಕ್ಕ, ನಿಮ್ಮ ಕಳಕಳಿ ಅರ್ಥ ಆಗತ್ತೆ, ಆದ್ರೆ ಅರ್ಧ ಕತೆ ಬಿಟ್ಟಿದೀರ. ಒಂದೇ ವರ್ಷದಲ್ಲಿ ಏಷ್ಯನ್ ಮಕ್ಕಳು 73ರಿಂದ 54ಕ್ಕೆ ಬಂದ್ರು, ಉಳಿದ ಎಲ್ಲಾ ಗುಂಪೂ ಜಾಸ್ತಿ ಆಯ್ತು, ಬಿಳಿ ಮಕ್ಕಳೂ ಸೇರಿ. ಅದು ತಾನಾಗೇ ಆಗಿದ್ದಲ್ಲ. ಬೋರ್ಡ್ ಮೆಂಬರ್‌ಗಳೇ ಒಬ್ಬರಿಗೊಬ್ಬರು ಕಳಿಸ್ಕೊಂಡ ಮೆಸೇಜಲ್ಲಿ ಇದರಲ್ಲಿ ಏಷ್ಯನ್ ವಿರೋಧಿ ಭಾವನೆ ಇದೆ ಅಂತ ಬರೆದಿದ್ರು, ಅದು ಕೋರ್ಟ್ ದಾಖಲೆಯಲ್ಲೇ ಇದೆ. ಪೋಷಕರು ಹಾಕಿದ ಕೇಸಲ್ಲಿ 2022ರ ಫೆಬ್ರವರಿಯಲ್ಲಿ ಡಿಸ್ಟ್ರಿಕ್ಟ್ ಜಡ್ಜ್ ಕ್ಲಾಡ್ ಹಿಲ್ಟನ್ ಇದು ಅಸಾಂವಿಧಾನಿಕ ಅಂತ ತೀರ್ಪು ಕೊಟ್ರು. ಮುಂದಿನ ವರ್ಷ ಮೇಲಿನ ಫೆಡರಲ್ ಅಪೀಲ್ ಕೋರ್ಟ್, ಫೋರ್ತ್ ಸರ್ಕ್ಯೂಟ್, ಅದನ್ನ ತಿರುಗಿಸ್ತು ನಿಜ, ಆದ್ರೆ ಅದೂ ಮೂವರಲ್ಲಿ ಇಬ್ಬರು ಒಪ್ಪಿ ಒಬ್ಬರು ಒಪ್ಪದೆ. 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕೇಸೇ ತಗೊಳ್ಲಿಲ್ಲ, ಜಸ್ಟಿಸ್ ಅಲಿಟೊ ಮತ್ತೆ ಥಾಮಸ್ ತಗೋಬೇಕಿತ್ತು ಅಂತ ಬರೆದ್ರು. 2025ರ ಮೇನಲ್ಲಿ ಫೆಡರಲ್ ಎಜುಕೇಶನ್ ಡಿಪಾರ್ಟ್‌ಮೆಂಟ್ ಮತ್ತೆ ತನಿಖೆ ಶುರು ಮಾಡ್ತು. ಅಂದ್ರೆ "ಕೋರ್ಟೇ ಒಪ್ಪಿದೆ" ಅಂತ ಮುಗಿಸೋ ವಿಷಯ ಅಲ್ಲ ಇದು.

ಇನ್ನೊಂದು. ನಿಮ್ಮ 1.5 ಪರ್ಸೆಂಟ್ ನಿಯಮದಿಂದ ಪೆಟ್ಟು ಬೀಳೋದು ಯಾರಿಗೆ? ಮಕ್ಕಳ ಓದಿಗೋಸ್ಕರಾನೇ ಅಂತ ಸಾಲ ಮಾಡಿ ಒಳ್ಳೇ ಸ್ಕೂಲಿರೋ ಏರಿಯಾಗೆ ಬಂದ ಅಪ್ಪ ಅಮ್ಮಂದಿರಿಗೆ. ಒಂದು ಸ್ಕೂಲಲ್ಲಿ ನೂರು ಮಕ್ಕಳು ಯೋಗ್ಯರಿದ್ರೆ, ಆ ಸ್ಕೂಲಿನ ಪಾಲಿನ ಸೀಟು ಮುಗಿದ ಮೇಲೆ ಉಳಿದೋರೆಲ್ಲ ಆ ನೂರು ಓಪನ್ ಸೀಟಿಗೆ ಕಿತ್ತಾಡಬೇಕು. ನನ್ನ ಮಗನಿಗೆ ಆಗಿದ್ದು ಇದೇ. ಆರನೇ ಕ್ಲಾಸಿಂದ ಲೆಕ್ಕದಲ್ಲಿ ಮುಳುಗಿದ್ದ ಹುಡುಗ, ಯಾರೂ ಒತ್ತಾಯ ಮಾಡಿದ್ದಲ್ಲ, ಅವನಿಗೆ ಅದೇ ಪ್ರಪಂಚ. ಸಿಗ್ಲಿಲ್ಲ. ನೀನು ಯಾವುದರಲ್ಲಿ ಕಮ್ಮಿ ಆದೆ ಅಂತ ಅವನಿಗೆ ಹೇಳಕ್ಕೆ ನನ್ನ ಹತ್ರ ಒಂದು ಮಾರ್ಕ್ ಕೂಡ ಇಲ್ಲ. ಟೆಸ್ಟಾದ್ರೆ ಇಷ್ಟು ಬಂತು, ಇಷ್ಟು ಬೇಕಿತ್ತು ಅಂತ ಮಗುಗೆ ಗೊತ್ತಾಗ್ತಿತ್ತು.

ಹೆರ್ನ್‌ಡನ್ ಅಮ್ಮ:
ನಿಮ್ಮ ಮಗನ ವಿಷಯ ಓದಿ ಬೇಜಾರಾಯ್ತು, ಸಮಾಧಾನಕ್ಕೆ ಹೇಳ್ತಿಲ್ಲ, ಆ ವಯಸ್ಸಲ್ಲಿ ಅದು ಚಿಕ್ಕ ಪೆಟ್ಟಲ್ಲ. ಯಾವುದರಲ್ಲಿ ಕಮ್ಮಿ ಆಯ್ತು ಅಂತ ಮಗುಗೆ ಹೇಳಲ್ಲ ಅನ್ನೋ ದೂರು ನೂರಕ್ಕೆ ನೂರು ಸರಿ, ಬೋರ್ಡ್ ಅದನ್ನ ಸರಿ ಮಾಡ್ಲೇಬೇಕು.

ಆದ್ರೆ ಅಂಕಿ ಪೂರ್ತಿ ಹೇಳಿ. ಆ ವರ್ಷ ಅರ್ಜಿ ಹಾಕಿದೋರಲ್ಲಿ ಏಷ್ಯನ್ ಮಕ್ಕಳು ಸುಮಾರು ಅರ್ಧ, ಸೀಟು ಸಿಕ್ಕಿದೋರಲ್ಲಿ 54 ಪರ್ಸೆಂಟ್. ಅಂದ್ರೆ ಅರ್ಜಿಯ ಪಾಲಿಗಿಂತ ಸೀಟಿನ ಪಾಲು ಜಾಸ್ತೀನೇ. ಮತ್ತೆ ಯಾರೂ ಹೇಳದೇ ಇರೋ ಒಂದು ಸಂಖ್ಯೆ ಇದೆ, ಫೋರ್ತ್ ಸರ್ಕ್ಯೂಟ್ ತೀರ್ಪಲ್ಲೇ ಇದೆ: ಬಡ ಮನೆಯ ಏಷ್ಯನ್ ಮಕ್ಕಳು 2020ರಲ್ಲಿ ಟಿಜೆಗೆ ಆಯ್ಕೆ ಆಗಿದ್ದು ಒಬ್ಬರು. ಬರೀ ಒಬ್ಬರು. 2021ರಲ್ಲಿ 51. ಈ ಐವತ್ತೊಂದು ಮಕ್ಕಳು ನಮ್ಮೋರಲ್ವಾ? ವಿಯೆಟ್ನಾಮಿಂದ ಬಂದ ಮನೆಯೋರು, ಬಾಂಗ್ಲಾದೇಶದ ಟ್ಯಾಕ್ಸಿ ಡ್ರೈವರ್ ಮಗಳು, ಇವರಿಗೆ ಹಳೇ ಪದ್ಧತಿಯಲ್ಲಿ ಬಾಗಿಲೇ ಇರ್ಲಿಲ್ಲ. "ಏಷ್ಯನ್" ಅಂತ ಎಲ್ಲರನ್ನೂ ಒಂದೇ ರಾಶಿಗೆ ಹಾಕಿ ನಾವು ಮಾತಾಡ್ತಿರೋದು ನಮ್ಮಂಥ ಎರಡು ಸಂಬಳದ ಮನೆಗಳ ಪರವಾಗಿ, ಅಷ್ಟು ಒಪ್ಕೊಳ್ಳೋಣ.

ಕ್ವೀನ್ಸ್ ನಿವಾಸಿ:
ನಾನು ನ್ಯೂಯಾರ್ಕಿಂದ, ಇಲ್ಲಿಯ ಕತೆ ಬೇರೆ, ಅದಕ್ಕೇ ಮಧ್ಯೆ ಬರ್ತಿದೀನಿ. ಅಮ್ಮಾವ್ರೇ, ನೀವು ಟೆಸ್ಟ್ ಅಂದ್ರೆ ಶ್ರೀಮಂತರ ಸೊತ್ತು ಅನ್ನೋ ಹಾಗೆ ಬರೀತಿದೀರ. ಇಲ್ಲಿ ಸ್ಟೈವೆಸೆಂಟ್, ಬ್ರಾಂಕ್ಸ್ ಸೈನ್ಸ್, ಬ್ರೂಕ್ಲಿನ್ ಟೆಕ್ ಸೇರಿ ಎಂಟು ಸರ್ಕಾರಿ ಹೈಸ್ಕೂಲಿಗೆ ಒಂದೇ ಟೆಸ್ಟು, ಎಸ್‌ಎಚ್‌ಎಸ್‌ಎಟಿ ಅಂತ, ಮೂರು ಗಂಟೆ, ಬೇರೆ ಏನೂ ನೋಡಲ್ಲ. ದೊಡ್ಡ ಮೂರು ಸ್ಕೂಲಿಗೆ ಹೀಗೇ ಇರಬೇಕು ಅಂತ 1971ರಿಂದ ರಾಜ್ಯದ ಕಾನೂನೇ ಇದೆ, ಹೆಕ್ಟ್ ಕಲಾಂಡ್ರ ಆಕ್ಟ್. ಸ್ಟೈವೆಸೆಂಟಲ್ಲಿ ಹತ್ತಿರ ಹತ್ತಿರ ಅರ್ಧ ಮಕ್ಕಳು ಬಡ ಮನೆಯವರು. ನಾನಿರೋ ಬೀದಿಯಲ್ಲಿ ಬೇಸ್‌ಮೆಂಟ್ ಬಾಡಿಗೆ ಮನೆಗಳು, ಅಪ್ಪ ರಾತ್ರಿ ಡೆಲಿವರಿ, ಅಮ್ಮ ನೇಲ್ ಸಲೂನಲ್ಲಿ, ಮಗು ಲೈಬ್ರರಿಯಿಂದ ತಂದ ಹಳೇ ಗೈಡಲ್ಲಿ ಬೇರೆಯೋರು ಪೆನ್ಸಿಲಲ್ಲಿ ಬರೆದ ಉತ್ತರ ಅಳಿಸಿ ಅಳಿಸಿ ಅಭ್ಯಾಸ ಮಾಡತ್ತೆ. ಆ ಮಗುಗೆ ಪ್ರಬಂಧ ತಿದ್ದಕ್ಕೆ ಮನೇಲಿ ಯಾರಿದಾರೆ? ಪ್ರಿನ್ಸಿಪಾಲ್ ಹತ್ರ ಹೋಗಿ ಮಾತಾಡಕ್ಕೆ ಇಂಗ್ಲಿಷ್ ಯಾರಿಗೆ ಬರತ್ತೆ? ಟೆಸ್ಟಿಗೆ ನಿಮ್ಮಪ್ಪ ಯಾರು ಅಂತ ಗೊತ್ತಿಲ್ಲ, ಅದೊಂದೇ ಅವರಿಗಿರೋ ಧೈರ್ಯ. 2018ರಲ್ಲಿ ಮೇಯರ್ ಡಿ ಬ್ಲಾಸಿಯೊ ಟೆಸ್ಟ್ ತೆಗೆದು ಪ್ರತಿ ಮಿಡ್ಲ್ ಸ್ಕೂಲಿನ ಟಾಪ್ 7 ಪರ್ಸೆಂಟ್ ಮಕ್ಕಳಿಗೆ ಕೊಡೋಣ ಅಂದಾಗ ಚೀನೀ ಅಜ್ಜ ಅಜ್ಜಿಯರು ಬೋರ್ಡ್ ಹಿಡ್ಕೊಂಡು ಸಿಟಿ ಹಾಲ್ ಮುಂದೆ ನಿಂತಿದ್ರು. ಅವರನ್ನ ಸವಲತ್ತಿನ ಜನ ಅಂತ ಕರೆಯೋದು ಅನ್ಯಾಯ. ಕೊನೆಗೆ 2019ರಲ್ಲಿ ಆಲ್ಬನಿಯಲ್ಲಿ, ಅಂದ್ರೆ ರಾಜ್ಯದ ಶಾಸನಸಭೆಯಲ್ಲಿ, ಅದು ಪಾಸಾಗ್ಲಿಲ್ಲ.

ಗಣಿತದ ಮೇಷ್ಟ್ರು:
ಕ್ವೀನ್ಸ್ ಅಣ್ಣ, ನಿಮ್ಮ ಬೀದಿಯ ಮಕ್ಕಳ ಬಗ್ಗೆ ನೀವು ಹೇಳಿದ್ದು ಪೂರ್ತಿ ನಿಜ. ಅದರ ಪಕ್ಕದಲ್ಲೇ ಇರೋ ನಿಜವನ್ನೂ ನೋಡಿ. 2019ರಲ್ಲಿ ಸ್ಟೈವೆಸೆಂಟಿನ 895 ಸೀಟಲ್ಲಿ ಕಪ್ಪು ಮಕ್ಕಳಿಗೆ ಸಿಕ್ಕಿದ್ದು 7. ಸಿಟಿಯ ಸರ್ಕಾರಿ ಶಾಲೆಗಳಲ್ಲಿ ಮೂರನೇ ಎರಡು ಭಾಗ ಕಪ್ಪು ಮತ್ತೆ ಹಿಸ್ಪಾನಿಕ್ ಮಕ್ಕಳು. ಒಂದು ವರ್ಷದ ಆಕಸ್ಮಿಕ ಅಲ್ಲ, ಆಮೇಲಿನ ವರ್ಷಗಳಲ್ಲೂ ಅಷ್ಟರಲ್ಲೇ ಇದೆ.

ಆದ್ರೆ ಟೆಸ್ಟೇ ಎಲ್ಲದಕ್ಕೂ ಕಾರಣ ಅನ್ನೋರೂ ಒಂದು ವಿಷಯ ಮರೀತಾರೆ. 1980ರ ಸುಮಾರಿಗೆ ಬ್ರೂಕ್ಲಿನ್ ಟೆಕ್ಕಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಕಪ್ಪು ಮತ್ತೆ ಹಿಸ್ಪಾನಿಕ್. ಆಗಲೂ ಟೆಸ್ಟೇ ಇತ್ತು! ಹಾಗಾದ್ರೆ ಬದಲಾಗಿದ್ದೇನು? ಕಪ್ಪು ಮಕ್ಕಳಿದ್ದ ಏರಿಯಾಗಳ ಮಿಡ್ಲ್ ಸ್ಕೂಲಲ್ಲಿ ಇದ್ದ ಆನರ್ಸ್ (ಮೇಲ್ಮಟ್ಟದ ಪಾಠದ) ಕ್ಲಾಸುಗಳು ಒಂದೊಂದಾಗಿ ಮುಚ್ಚಿದ್ವು. 2008ರಲ್ಲಿ ನಾಲ್ಕು ಐದು ವರ್ಷದ ಮಕ್ಕಳ ಗಿಫ್ಟೆಡ್ (ಪ್ರತಿಭಾವಂತರಿಗೇ ಅಂತ ಇರೋ) ಕ್ಲಾಸಿಗೆ ಇಡೀ ಸಿಟಿಗೆ ಒಂದೇ ಕಟ್ ಆಫ್ ಅಂತ ತಂದ್ರು, ನ್ಯಾಯ ಅಂದ್ಕೊಂಡೇ ತಂದ್ರು, ಪರಿಣಾಮ ಏನಾಯ್ತು ಅಂದ್ರೆ ಬಡ ಏರಿಯಾಗಳಲ್ಲಿ ಕ್ಲಾಸ್ ತುಂಬೋಷ್ಟು ಮಕ್ಕಳು ಸಿಗದೆ ಕೆಲವು ಡಿಸ್ಟ್ರಿಕ್ಟಲ್ಲಿ ಗಿಫ್ಟೆಡ್ ಕ್ಲಾಸೇ ಇಲ್ಲದ ಹಾಗಾಯ್ತು. ಮತ್ತೊಂದು ಕಡೆ ಕೋಚಿಂಗ್ ಬೆಳೀತು.

ಕೋಚಿಂಗಿಂದ ಏನು ವ್ಯತ್ಯಾಸ ಅನ್ನೋರಿಗೆ ಒಂದು ಉದಾಹರಣೆ ಹೇಳ್ತೀನಿ. 2017ಕ್ಕೆ ಮುಂಚೆ ಆ ಟೆಸ್ಟಲ್ಲಿ ಸ್ಕ್ರ್ಯಾಂಬಲ್ಡ್ ಪ್ಯಾರಾಗ್ರಾಫ್ ಅಂತ ಒಂದು ಭಾಗ ಇತ್ತು. ಮೊದಲ ವಾಕ್ಯ ಕೊಟ್ಟಿರ್ತಾರೆ, ಮುಂದಿನ ಐದು ವಾಕ್ಯ ಹಿಂದೆಮುಂದೆ ಮಾಡಿರ್ತಾರೆ, ಸರಿಯಾದ ಕ್ರಮಕ್ಕೆ ಜೋಡಿಸಬೇಕು. ಐದೂ ಸರಿ ಇದ್ರೆ ಮಾತ್ರ ಮಾರ್ಕ್ಸು, ನಾಲ್ಕು ಸರಿ ಜಾಗದಲ್ಲಿದ್ರೂ ಸೊನ್ನೆ. "ಈ" "ಅವರು" "ಆದರೆ" ಅನ್ನೋ ಪದಗಳನ್ನ ಹಿಡ್ಕೊಂಡು ಯಾವುದರ ಹಿಂದೆ ಯಾವುದು ಬರತ್ತೆ ಅಂತ ಪತ್ತೆ ಹಚ್ಚೋ ತಂತ್ರ ಇದೆ, ಅದನ್ನ ಯಾವ ಮಿಡ್ಲ್ ಸ್ಕೂಲಲ್ಲೂ ಪಾಠವಾಗಿ ಮಾಡ್ತಿರ್ಲಿಲ್ಲ. ಕೋಚಿಂಗಲ್ಲಿ ನೂರಾರು ಸಲ ಮಾಡಿಸ್ತಿದ್ರು. ಅಲ್ಲಿ ಹೋಗಿ ಬಂದ ಮಗುಗೆ ಅದು ನೋಡಿದ ಕೂಡ್ಲೇ ಗೊತ್ತಾಗೋ ಆಟ, ಹೋಗದ ಮಗು ಟೆಸ್ಟ್ ಹಾಲಲ್ಲಿ ಮೊದಲ ಸಲ ನೋಡಿ ಗಾಬರಿ ಬೀಳ್ತಿತ್ತು. ಆ ಭಾಗ ಈಗ ಇಲ್ಲ, ಒಳ್ಳೇದಾಯ್ತು. ಆದ್ರೆ ಅದಿದ್ದಷ್ಟು ವರ್ಷ ಅದನ್ನೇ ಪ್ರತಿಭೆ ಅಂತ ಅಳೆದ್ವಲ್ಲ.

ಸನ್‌ಸೆಟ್ ಡಿಸ್ಟ್ರಿಕ್ಟ್:
ಸ್ಯಾನ್ ಫ್ರಾನ್ಸಿಸ್ಕೊ ಕಡೆಯಿಂದ ಎರಡು ಮಾತು. ಇಲ್ಲಿ ಲೋವೆಲ್ ಹೈಸ್ಕೂಲಿದೆ, ಮಾರ್ಕ್ಸ್ ನೋಡಿ ಸೀಟು ಕೊಡೋ ಸರ್ಕಾರಿ ಸ್ಕೂಲು. 1983ರಲ್ಲಿ ಕೋರ್ಟ್ ಒಪ್ಪಂದದ ಪ್ರಕಾರ ಯಾವ ಒಂದು ಜನಾಂಗದ ಮಕ್ಕಳೂ ಒಂದು ಸ್ಕೂಲಲ್ಲಿ ಇಷ್ಟಕ್ಕಿಂತ ಜಾಸ್ತಿ ಇರಬಾರದು ಅಂತ ಮಿತಿ ಹಾಕಿದ್ರು. ಅದರಿಂದ ಲೋವೆಲ್‌ಗೆ ಸೇರಕ್ಕೆ ಚೀನೀ ಮಗು ಬೇರೆ ಎಲ್ಲರಿಗಿಂತ ಜಾಸ್ತಿ ಸ್ಕೋರ್ ಮಾಡಬೇಕಿತ್ತು. 1994ರಲ್ಲಿ ಚೀನೀ ಪೋಷಕರು ಕೇಸ್ ಹಾಕಿ 1999ರಲ್ಲಿ ಅದು ನಿಂತುಹೋಯ್ತು. ಬಾಸ್ಟನ್ನಲ್ಲೂ ಹೀಗೇ, ಬಾಸ್ಟನ್ ಲ್ಯಾಟಿನ್ ಅಂದ್ರೆ 1635ರ ಸ್ಕೂಲು, ಅಲ್ಲಿ ಜನಾಂಗ ನೋಡಿ ಸೀಟು ಕೊಡೋದನ್ನ 1998ರಲ್ಲಿ ಆ ಕಡೆಯ ಅಪೀಲ್ ಕೋರ್ಟ್ ಫಸ್ಟ್ ಸರ್ಕ್ಯೂಟ್ ಬೇಡ ಅಂತು. ಏಷ್ಯನ್ ಅಪ್ಪ ಅಮ್ಮಂದಿರಿಗೆ ಭಯ ಯಾಕೆ ಅಂತ ಕೇಳೋರು ಈ ಚರಿತ್ರೆ ಓದ್ಲಿ. ಸುಮ್ಮನೆ ಬಂದಿದ್ದಲ್ಲ ಆ ಭಯ. 2021ರಲ್ಲಿ ಲೋವೆಲ್‌ಗೆ ಲಾಟರಿ ಮಾಡ್ತೀವಿ ಅಂತ ಬೋರ್ಡ್ ತೀರ್ಮಾನ ಮಾಡಿದ್ದೂ ಒಂದು ಕಾರಣ ಆಗಿ 2022ರ ಫೆಬ್ರವರಿಯಲ್ಲಿ ಮೂರು ಬೋರ್ಡ್ ಮೆಂಬರನ್ನ ಜನ ವೋಟ್ ಹಾಕಿ ಕೆಳಗಿಳಿಸಿದ್ರು. ಲಾಟರಿ ಹೋಯ್ತು, ಮಾರ್ಕ್ಸ್ ವಾಪಸ್ ಬಂತು.

ಹೆರ್ನ್‌ಡನ್ ಅಮ್ಮ:
ಸನ್‌ಸೆಟ್ ಅವರೇ, ನೀವು ಬರೆದದ್ದು ಮುಖ್ಯ. ಮಗು ಚೀನೀ ಅನ್ನೋ ಕಾರಣಕ್ಕೆ ಜಾಸ್ತಿ ಸ್ಕೋರ್ ಕೇಳೋದು ತಪ್ಪು, ಅದನ್ನ ನಾನು ಯಾವತ್ತೂ ಸಮರ್ಥಿಸಲ್ಲ. ಆದ್ರೆ ಟಿಜೆಯಲ್ಲಿ ಅದು ನಡೀತಿಲ್ಲ. ಅಲ್ಲಿ ನೋಡೋದು ಯಾವ ಸ್ಕೂಲಿಂದ ಬಂದೆ, ಮನೇಲಿ ಕಷ್ಟ ಇದೆಯಾ, ಇಂಗ್ಲಿಷ್ ಹೊಸದಾಗಿ ಕಲೀತಿದೀಯಾ ಅಂತ. ಶಿಕಾಗೋದಲ್ಲೂ ಇದೇ ದಾರಿ, ಸಿಟಿಯನ್ನ ಆದಾಯ, ಅಪ್ಪ ಅಮ್ಮನ ಓದು ಇಂಥದ್ದೆಲ್ಲ ನೋಡಿ ನಾಲ್ಕು ಟಿಯರ್ (ಹಂತ) ಅಂತ ಮಾಡಿದಾರೆ, 30 ಪರ್ಸೆಂಟ್ ಸೀಟು ಸ್ಕೋರ್ ಪ್ರಕಾರ, ಉಳಿದದ್ದು ನಾಲ್ಕೂ ಟಿಯರ್‌ಗೆ ಸಮನಾಗಿ, ಟಿಯರ್ ಒಳಗೆ ಮತ್ತೆ ಸ್ಕೋರ್ ಪ್ರಕಾರವೇ. ನಮ್ಮೂರಿನ ಮೀಸಲಾತಿ ಇಲ್ಲಿಗೂ ಬಂತು ಅಂತ ಕೆಲವರು ವಾಟ್ಸಾಪಲ್ಲಿ ಕಳಿಸ್ತಿದ್ರಲ್ಲ, ಅದು ಸರಿಯಲ್ಲ, ಇಲ್ಲಿ ಮಗುವಿನ ಜನಾಂಗ ಅರ್ಜಿ ನೋಡೋರ ಕಣ್ಣಿಗೇ ಬೀಳಲ್ಲ.

ಟಿಜೆ ಹಳೇ ವಿದ್ಯಾರ್ಥಿನಿ:
ನನ್ನ ಕನ್ನಡ ಅಷ್ಟು ಚೆನ್ನಾಗಿಲ್ಲ, ಅಮ್ಮ ಟೈಪ್ ಮಾಡಕ್ಕೆ ಹೆಲ್ಪ್ ಮಾಡ್ತಿದಾರೆ. ನಾನು ಹಳೇ ಸಿಸ್ಟಮಲ್ಲಿ ಟಿಜೆಯಲ್ಲಿ ಓದಿದೋಳು. ಸ್ಕೂಲ್ ಅಂದ್ರೆ ನಂಗೆ ತುಂಬಾ ಪ್ರೀತಿ, ಸೀನಿಯರ್ ಇಯರಲ್ಲಿ ಎಲ್ಲರೂ ಒಂದು ರಿಸರ್ಚ್ ಲ್ಯಾಬಲ್ಲಿ ಪ್ರಾಜೆಕ್ಟ್ ಮಾಡ್ಲೇಬೇಕು, ನಂದು ಓಶಿಯನಾಗ್ರಫಿ, ಆ ತರದ್ದು ಬೇರೆ ಎಲ್ಲಿ ಸಿಗತ್ತೆ. ಆದ್ರೆ ನಮ್ಮ ಬ್ಯಾಚಲ್ಲಿ ಮೊದಲ ದಿನವೇ ಎಷ್ಟೋ ಜನಕ್ಕೆ ಒಬ್ಬರಿಗೊಬ್ಬರು ಗೊತ್ತಿತ್ತು, ಯಾಕಂದ್ರೆ ಅದೇ ಮಿಡ್ಲ್ ಸ್ಕೂಲು, ಅದೇ ಪ್ರೆಪ್ (ಕೋಚಿಂಗ್) ಕ್ಲಾಸು. ನನ್ನ ಜೊತೆ ಇದ್ದ ಒಬ್ಬ ಕಪ್ಪು ಹುಡುಗಿನ ಹೊಸ ಟೀಚರ್‌ಗಳು ಇನ್ನೊಬ್ಬ ಕಪ್ಪು ಹುಡುಗಿ ಹೆಸರಿಂದ ಕರೀತಿದ್ರು, ವರ್ಷ ಪೂರ್ತಿ. ಅವಳು ನಗ್ತಿದ್ಲು, ಆಮೇಲಾಮೇಲೆ ನಗೋದು ಬಿಟ್ಲು. ಡೈವರ್ಸಿಟಿ ಅಂದ್ರೆ ಬ್ರೋಷರ್‌ಗೆ ಫೋಟೊ ತೆಗೆಯಕ್ಕೆ ಅಂತ ನೀವೆಲ್ಲ ಅಂದ್ಕೋತೀರ, ನಂಗೆ ಅದು ಆ ಹುಡುಗಿಗೆ ಅವಳ ಹೆಸರು ಸಿಗೋ ವಿಷಯ.

ಲೌಡನ್ ಕನ್ನಡಿಗ:
ಪುಟ್ಟಿ, ನಿನ್ನ ಕನ್ನಡ ಚೆನ್ನಾಗೇ ಇದೆ, ಬರೀತಾ ಇರು. ನಿನ್ನ ಗೆಳತಿ ವಿಷಯ ಮನಸಿಗೆ ತಾಗ್ತು.

ಆದ್ರೂ ಒಂದು ಪ್ರಶ್ನೆ ಕೇಳ್ಲೇಬೇಕು, ಎಲ್ಲರಿಗೂ. ಹೊಸ ಪದ್ಧತಿಯ ಮೊದಲ ಬ್ಯಾಚ್ ಹನ್ನೆರಡನೇ ಕ್ಲಾಸಿಗೆ ಬಂದಾಗ ಟಿಜೆಯ ನ್ಯಾಷನಲ್ ಮೆರಿಟ್ (ದೇಶಮಟ್ಟದ ಸ್ಕಾಲರ್‌ಶಿಪ್ ಸ್ಪರ್ಧೆ) ಸೆಮಿಫೈನಲಿಸ್ಟ್‌ಗಳ ಸಂಖ್ಯೆ ಹಿಂದಿನ ವರ್ಷಕ್ಕಿಂತ ಸುಮಾರು ಅರ್ಧಕ್ಕೆ ಇಳೀತು. ಇದಕ್ಕೇನಂತೀರ? ಸ್ಕೂಲಿನ ಮಟ್ಟ ಇಳಿಸಿ ಎಲ್ಲರನ್ನೂ ಒಳಗೆ ಬಿಡೋದಾದ್ರೆ ಅದು ವಿಶೇಷ ಸ್ಕೂಲ್ ಯಾಕಾಗಿರಬೇಕು?

ಗಣಿತದ ಮೇಷ್ಟ್ರು:
ಒಳ್ಳೇ ಪ್ರಶ್ನೆ, ಹಾರಿಸಿ ಹೋಗಬಾರದು. ನ್ಯಾಷನಲ್ ಮೆರಿಟ್ ಅನ್ನೋದು ಹೈಸ್ಕೂಲ್ ಮಕ್ಕಳು ಬರೆಯೋ ಪಿಎಸ್‌ಎಟಿ ಅನ್ನೋ ಒಂದೇ ಟೆಸ್ಟಿನ ಸ್ಕೋರ್ ಮೇಲೆ, ರಾಜ್ಯಕ್ಕೊಂದು ಕಟ್ ಆಫ್. ಟೆಸ್ಟಲ್ಲಿ ಟಾಪ್ ಬರೋರನ್ನೇ ಆರಿಸಿ ಒಂದು ಕಟ್ಟಡದಲ್ಲಿ ಕೂರಿಸಿದ್ರೆ ಆ ಕಟ್ಟಡದಲ್ಲಿ ಸೆಮಿಫೈನಲಿಸ್ಟ್ ಜಾಸ್ತಿ ಇರ್ತಾರೆ, ಹಾಗೆ ಆರಿಸೋದು ನಿಲ್ಲಿಸಿದ್ರೆ ಕಮ್ಮಿ ಆಗ್ತಾರೆ. ಆ ಮಕ್ಕಳು ಎಲ್ಲೂ ಮಾಯ ಆಗಿಲ್ಲ, ತಮ್ಮ ಏರಿಯಾದ ಹೈಸ್ಕೂಲಲ್ಲಿ ಕೂತು ಅದೇ ಕಟ್ ಆಫ್ ದಾಟ್ತಾರೆ. ಸ್ಕೂಲಿನ ಹೆಸರಿಗೆ ಸೇರೋ ಲೆಕ್ಕ ಕಮ್ಮಿ ಆಯ್ತೇ ಹೊರತು ಅಷ್ಟು ಮಕ್ಕಳ ಬುದ್ಧಿ ಕಮ್ಮಿ ಆಗ್ಲಿಲ್ಲ.

ಇದರ ಬೆನ್ನಲ್ಲೇ ಇನ್ನೂ ದೊಡ್ಡ ಪ್ರಶ್ನೆ ಇದೆ, ಈ ಸ್ಕೂಲುಗಳು ಮಗುಗೆ ನಿಜವಾಗಿ ಎಷ್ಟು ಕೊಡ್ತವೆ ಅಂತ. ಅಬ್ದುಲ್‌ಕಾದಿರೊಗ್ಲು, ಆಂಗ್ರಿಸ್ಟ್, ಪಾಠಕ್ ಅಂತ ಮೂವರು ಅರ್ಥಶಾಸ್ತ್ರಜ್ಞರು 2014ರಲ್ಲಿ ಬಾಸ್ಟನ್ ಮತ್ತೆ ನ್ಯೂಯಾರ್ಕಿನ ಎಕ್ಸಾಮ್ ಸ್ಕೂಲ್‌ಗಳ (ಟೆಸ್ಟ್ ಬರೆದು ಸೇರೋ ಸ್ಕೂಲು) ಬಗ್ಗೆ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಕಟ್ ಆಫ್‌ಗಿಂತ ಕೂದಲೆಳೆ ಮೇಲೆ ಬಂದು ಸೀಟು ಸಿಕ್ಕಿದೋರು, ಕೂದಲೆಳೆ ಕೆಳಗೆ ಬಂದು ತಪ್ಪಿದೋರು, ಇವರಿಬ್ಬರನ್ನ ಹೋಲಿಸಿದ್ರು, ಯಾಕಂದ್ರೆ ಆ ಮಕ್ಕಳಲ್ಲಿ ಹೆಚ್ಚುಕಮ್ಮಿ ಏನೂ ವ್ಯತ್ಯಾಸ ಇರಲ್ಲ. ಆಮೇಲಿನ ಟೆಸ್ಟ್ ಸ್ಕೋರಲ್ಲಿ ಹೇಳ್ಕೊಳ್ಳೋಂಥ ವ್ಯತ್ಯಾಸ ಕಾಣ್ಲಿಲ್ಲ. ಸೀಟು ತಪ್ಪಿದ ಹುಡುಗ ಬೇರೆ ಸ್ಕೂಲಲ್ಲೂ ಅಷ್ಟೇ ಚೆನ್ನಾಗಿ ಮಾಡ್ದ. ಲೌಡನ್ ಸರ್, ಇದನ್ನ ನಿಮ್ಮ ಮಗನಿಗೆ ದಯವಿಟ್ಟು ಹೇಳಿ, ಸಮಾಧಾನದ ಮಾತಲ್ಲ, ಅಂಕಿ ಇಟ್ಕೊಂಡು ಹೇಳ್ತಿರೋ ಮಾತು.

ಕ್ವೀನ್ಸ್ ನಿವಾಸಿ:
ಮೇಷ್ಟ್ರೇ, ಹಾಗಾದ್ರೆ ಏನೂ ವ್ಯತ್ಯಾಸ ಇಲ್ಲದ ಸೀಟಿಗೆ ಬೇರೆ ಮಕ್ಕಳನ್ನ ತಾನೇ ಯಾಕೆ ಒಳಗೆ ತರಬೇಕು? ಇದು ಎರಡೂ ಕಡೆ ಕಡಿಯೋ ವಾದ.

ಗಣಿತದ ಮೇಷ್ಟ್ರು:
ಕಡಿಯತ್ತೆ, ಒಪ್ಪಿದೆ. ಆ ಅಧ್ಯಯನ ಹೇಳೋದು ಕಟ್ ಆಫ್ ಗಡಿಯಲ್ಲಿರೋ ಮಕ್ಕಳ ಬಗ್ಗೆ, ಅದೂ ಟೆಸ್ಟ್ ಸ್ಕೋರ್ ಬಗ್ಗೆ. ಮನೆಯಲ್ಲಿ ದಾರಿ ತೋರ್ಸೋರು ಇರೋ ಮಗು ಎಲ್ಲಿದ್ರೂ ದಾರಿ ಹುಡುಕ್ಕೊಳ್ಳತ್ತೆ. ಯಾರೂ ಇಲ್ಲದ ಮಗುಗೆ ಸ್ಕೂಲೇ ದಾರಿ. ಇದು ಆ ಅಧ್ಯಯನದ ಮಾತಲ್ಲ, ನನ್ನ ಕ್ಲಾಸ್‌ರೂಮಿನ ಮಾತು.

ನಾನು ಪಾಠ ಮಾಡೋದು ಇಲ್ಲೇ ಫೇರ್‌ಫ್ಯಾಕ್ಸಲ್ಲಿ, ರೂಟ್ 1 ಹೆದ್ದಾರಿ ಕಡೆಯ ಒಂದು ಮಿಡ್ಲ್ ಸ್ಕೂಲಲ್ಲಿ. ಹಳೇ ಪದ್ಧತಿಯ ಕಾಲದಲ್ಲಿ ಒಬ್ಬ ಹುಡುಗ ಇದ್ದ, ಮೊಬೈಲ್ ಹೋಮ್ ಪಾರ್ಕಲ್ಲಿ ಮನೆ, ಎಲ್ ಸಾಲ್ವಡೋರ್ ಕಡೆಯ ಕುಟುಂಬ, ಕ್ಲಾಸಲ್ಲಿ ಬಾಯೇ ಬಿಡ್ತಿರ್ಲಿಲ್ಲ. ಒಂದಿನ ಲೇಟ್ ಪಾಸ್ ಚೀಟಿ ನನ್ನ ಟೇಬಲ್ ಮೇಲಿಟ್ಟು ಹೋದ, ತಿರುಗಿಸಿ ನೋಡ್ತೀನಿ, ಹಿಂದುಗಡೆ ಚುಕ್ಕಿ ಇಟ್ಟಿದಾನೆ, ಒಂದು, ನಾಲ್ಕು, ಒಂಬತ್ತು, ಹದಿನಾರು, ಪ್ರತಿ ಚೌಕಕ್ಕೂ ಸುತ್ತ ಎಲ್ ಆಕಾರದಲ್ಲಿ ಗೆರೆ ಎಳೆದಿದಾನೆ, ಗೆರೆ ಪಕ್ಕ 3, 5, 7 ಅಂತ ಬರೆದಿದಾನೆ. ಬೆಸ ಸಂಖ್ಯೆ ಕೂಡ್ತಾ ಹೋದ್ರೆ ವರ್ಗ ಬರತ್ತೆ ಅನ್ನೋದನ್ನ ಯಾರೂ ಹೇಳ್ಕೊಡದೆ ತಾನೇ ಕಂಡಿದ್ದ, ಬಸ್ಸಲ್ಲಿ ಬರ್ತಾ. ಟಿಜೆಗೆ ಅರ್ಜಿ ಹಾಕೋ ಅಂದೆ. ಅದೇನು ಅಂದ. ನಾನು ವಿಚಾರಿಸೋ ಹೊತ್ತಿಗೆ ಅರ್ಜಿಯ ಕೊನೇ ದಿನ ಮುಗಿದಿತ್ತು. ಆ ವರ್ಷ ನಮ್ಮ ಸ್ಕೂಲಿಂದ ಯಾರೂ ಹೋಗ್ಲಿಲ್ಲ. ಅವನು ಟೆಸ್ಟಲ್ಲಿ ಫೇಲಾಗಿದ್ರೆ ಬೇರೆ ಮಾತು, ಟೆಸ್ಟಿನ ಹಾಲ್ ತನಕ ಅವನನ್ನ ಯಾರೂ ಕರ್ಕೊಂಡೇ ಹೋಗ್ಲಿಲ್ಲ.

ಅದಕ್ಕೇ ನಾನು ಹೇಳೋದು, ಟೆಸ್ಟ್ ಇಡಿ, ತೆಗೀರಿ, ಮೊದಲು ಎಲ್ಲಾ ಮಕ್ಕಳನ್ನೂ ನೋಡಿ. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 2005ರಿಂದ ಇದನ್ನ ಮಾಡಿದ್ರು, ಟೀಚರ್ ಅಥವಾ ಪೋಷಕರು ಹೆಸರು ಕೊಡ್ಲಿ ಅಂತ ಕಾಯದೆ ಎರಡನೇ ಕ್ಲಾಸಿನ ಪ್ರತಿ ಮಗುಗೂ ಸ್ಕೂಲಲ್ಲೇ ಪರೀಕ್ಷೆ ಮಾಡಿದ್ರು. ಗಿಫ್ಟೆಡ್ ಕ್ಲಾಸಿಗೆ ಆಯ್ಕೆ ಆದ ಬಡ, ಕಪ್ಪು, ಹಿಸ್ಪಾನಿಕ್ ಮಕ್ಕಳು ಒಂದೇ ಸಲ ಜಾಸ್ತಿ ಆದ್ರು. ಕಾರ್ಡ್ ಮತ್ತೆ ಜುಲಿಯಾನೊ ಅನ್ನೋ ಅರ್ಥಶಾಸ್ತ್ರಜ್ಞರು ಇದನ್ನ ದಾಖಲೆ ಮಾಡಿದಾರೆ. ಆಮೇಲೆ ದುಡ್ಡಿಲ್ಲ ಅಂತ ಅದನ್ನ ನಿಲ್ಲಿಸಿದ್ರು, ಸಂಖ್ಯೆ ಮತ್ತೆ ಇಳೀತು. ಮಕ್ಕಳು ಅವರೇ, ಹುಡುಕೋರು ಇದ್ದಾಗ ಸಿಕ್ಕಿದ್ರು.

ಲೌಡನ್ ಕನ್ನಡಿಗ:
ಮೇಷ್ಟ್ರೇ, ಆ ಹುಡುಗನಿಗೆ ಆಗಿದ್ದು ಅನ್ಯಾಯ, ಅದರಲ್ಲಿ ಎರಡು ಮಾತಿಲ್ಲ. ಅವನಂಥೋರಿಗೆ ಬೇಕಾದ್ರೆ ಬೇರೆ ಸೀಟು ಮಾಡ್ಲಿ, ಇನ್ನೊಂದು ಟಿಜೆ ಕಟ್ಲಿ. ಇಷ್ಟು ಜನ ಯೋಗ್ಯ ಮಕ್ಕಳಿರೋ ಪ್ರದೇಶದಲ್ಲಿ ಒಂದೇ ಸ್ಕೂಲ್ ಇಟ್ಕೊಂಡು ನಮ್ಮ ನಮ್ಮಲ್ಲೇ ಕಿತ್ತಾಡಿಸೋದು ಯಾವ ನ್ಯಾಯ? ಹಾಗೇ ಸ್ಕೂಲಲ್ಲೇ, ಓದೋ ದಿನವೇ, ದುಡ್ಡಿಲ್ಲದೆ ಎಲ್ಲರಿಗೂ ಟೆಸ್ಟ್ ಕೊಟ್ರೆ ನಿಮ್ಮ ಹುಡುಗನೂ ಕೂತ್ಕೋತಿದ್ದ, ನನ್ನ ಮಗನಿಗೆ ತನ್ನ ಸ್ಕೋರೂ ಗೊತ್ತಾಗ್ತಿತ್ತು. ಅದನ್ನ ಸ್ಕೂಲಿನ ಪಾಲಿನ ಜೊತೆ ಸೇರಿಸಕ್ಕೇನು ಅಡ್ಡಿ?

ಹೆರ್ನ್‌ಡನ್ ಅಮ್ಮ:
ಈ ಸಲಹೆಗೆ ನಾನು ಸಹಿ ಹಾಕ್ತೀನಿ. ಟೆಸ್ಟ್ ಎಲ್ಲರಿಗೂ, ಸ್ಕೂಲಲ್ಲೇ, ಅಭ್ಯಾಸಕ್ಕೆ ಬೇಕಾದ್ದೂ ಸ್ಕೂಲಿಂದಲೇ, ಸ್ಕೋರ್ ಮಗುಗೆ ತಿಳಿಸಬೇಕು. ಆದ್ರೆ ಪ್ರತಿ ಮಿಡ್ಲ್ ಸ್ಕೂಲಿನ ಪಾಲು ಹಾಗೇ ಇರಬೇಕು, ಅದನ್ನ ಮಾತ್ರ ಬಿಟ್ಟುಕೊಡಲ್ಲ. ಅದನ್ನ ತೆಗೆದ ವರ್ಷವೇ ಮತ್ತೆ ಅದೇ ಕೆಲವು ಸ್ಕೂಲು, ಅದೇ ಪ್ರೆಪ್ ಕ್ಲಾಸು. ಪಾಲು ಇರೋದ್ರಿಂದಲೇ ಇವತ್ತು ಎಲ್ಲಾ ಸ್ಕೂಲಿನ ಕೌನ್ಸೆಲರೂ (ಮಕ್ಕಳಿಗೆ ಸಲಹೆ ಕೊಡೋರು) ನಮ್ಮಲ್ಲಿ ಯಾರು ಅರ್ಜಿ ಹಾಕಬಹುದು ಅಂತ ಹುಡುಕಬೇಕಾಗಿದೆ.

ಇನ್ನೊಂದು ಟಿಜೆ ಕಟ್ಬೇಕು ಅನ್ನೋದಕ್ಕೂ ನನ್ನ ಬೆಂಬಲ ಇದೆ, ಆದ್ರೆ ಅದು ಆಗೋದ್ರೊಳಗೆ ನಮ್ಮ ಮಕ್ಕಳು ಕಾಲೇಜ್ ಮುಗಿಸಿರ್ತಾರೆ. ಮೇಷ್ಟ್ರೇ, ಈ ವರ್ಷವೇ ಮಾಡಬಹುದಾದ್ದು ಏನಾದ್ರೂ ಹೇಳಿ.

ಗಣಿತದ ಮೇಷ್ಟ್ರು:
ಎರಡು ಕೆಲಸ ಇದೆ. ಜಿಪಿಎ 3.5 ಮೇಲಿರೋ, ಆಲ್ಜೀಬ್ರಾ ಮಾಡ್ತಿರೋ ಮಕ್ಕಳ ಪಟ್ಟಿ ಪ್ರತಿ ಸ್ಕೂಲಿನ ಕಂಪ್ಯೂಟರಲ್ಲಿ ಇದ್ದೇ ಇರತ್ತೆ. ಆ ಪಟ್ಟಿಯ ಪ್ರತಿ ಮನೆಗೂ ಅರ್ಜಿ ಶುರುವಾಗೋ ಮುಂಚೆ ಕಾಗದ ಹೋಗಬೇಕು, ಬರೀ ಇಂಗ್ಲಿಷಲ್ಲಿ ಅಲ್ಲ, ಸ್ಪ್ಯಾನಿಷ್, ಅಮ್ಹಾರಿಕ್, ವಿಯೆಟ್ನಾಮೀಸ್, ಉರ್ದು, ಮನೆಯವರು ಏನು ಮಾತಾಡ್ತಾರೋ ಅದರಲ್ಲಿ. ಇದನ್ನ ಪಿಟಿಎಯಲ್ಲಿ (ಪೋಷಕರು ಮತ್ತೆ ಟೀಚರ್‌ಗಳ ಸಂಘ) ಕೇಳಿ, ಖರ್ಚೂ ಹೆಚ್ಚಿಲ್ಲ. ಎರಡನೇದು, ಆರನೇ ಕ್ಲಾಸ್ ಮುಗೀವಾಗ ಯಾರನ್ನ ಯಾವ ಲೆಕ್ಕದ ಕ್ಲಾಸಿಗೆ ಹಾಕ್ತಾರೆ ಅನ್ನೋ ಸಂಖ್ಯೆ ಸ್ಕೂಲ್‌ವಾರು ಹೊರಗೆ ಹಾಕಿ ಅಂತ ಬೋರ್ಡಿಗೆ ಬರೀರಿ. ಎಂಟನೇ ಕ್ಲಾಸಿಗೆ ಆಲ್ಜೀಬ್ರಾ ಇಲ್ಲದ ಮಗು ಟಿಜೆ ಅರ್ಜಿ ಹಾಕೋ ಹಾಗೇ ಇಲ್ಲ, ಅದು ತೀರ್ಮಾನ ಆಗೋದು ಎಂಟನೇ ಕ್ಲಾಸಿಗೆ ಬರೋ ಮುಂಚೆನೇ, ಎಷ್ಟೋ ಮನೆಯವರಿಗೆ ಅದು ಗೊತ್ತೇ ಇರಲ್ಲ.

ಲೌಡನ್ ಕನ್ನಡಿಗ:
ಪತ್ರದ ಕರಡು ಯಾರಾದ್ರೂ ಬರೀರಿ, ನಮ್ಮ ಕೌಂಟಿ ಬೋರ್ಡಿಗೂ ಒಂದು ಕಳಿಸೋಣ, ಸಹಿ ನಂದು ಮೊದಲು. ಸ್ಕೂಲ್ ಪಾಲಿನ ವಿಷಯದಲ್ಲಿ ಮಾತ್ರ ನನ್ನ ವಿರೋಧ ಹಾಗೇ ಇದೆ, ಅದನ್ನೂ ಬರೆದಿಟ್ಕೊಳಿ.

ಹೆರ್ನ್‌ಡನ್ ಅಮ್ಮ:
ಕರಡು ನಾನೇ ಬರೀತೀನಿ, ಭಾನುವಾರ ರಾತ್ರಿ ಇಲ್ಲೇ ಹಾಕ್ತೀನಿ. ಅಮ್ಹಾರಿಕ್ ಮತ್ತೆ ವಿಯೆಟ್ನಾಮೀಸ್ ಬಲ್ಲ ಅಕ್ಕಪಕ್ಕದೋರು ಯಾರಿಗಾದ್ರೂ ಪರಿಚಯ ಇದ್ರೆ ಹೇಳಿ, ಉರ್ದುಗೆ ನಮ್ಮ ಪಕ್ಕದ ಮನೆಯವರನ್ನ ಕೇಳ್ತೀನಿ.